ಚೌಕಟ್ಟು ಮೊದಲೋ, ಭಾಷೆ ಮೊದಲೋ?

ಹಳಗನ್ನಡ ಬೋಧಿಸುವ ಪಂಡಿತನಿಗೆ ಜಾಲತಾಣ ನಿರ್ಮಾಣದ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಾರಣವುಂಟು. 2005ರಲ್ಲಿ ನಾನು ಎಚ್.ಟಿ.ಎಂ.ಎಲ್. ಕಲಿತು ಶಾಲೆಗೊಂದು ಜಾಲತಾಣವನ್ನು ರಚಿಸಿದ್ದೆ. ಅಂದು ಬಳಕೆಯಲ್ಲಿದ್ದ ಒಂದು ಫಾಂಟನ್ನೇ ನಂಬಿ ಲೇಖನಗಳನ್ನು ಬೆರಳಚ್ಚಿಸಿದ್ದೆ. ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಕನ್ನಡಕ್ಕೆ ಬದಲಾಗಿ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಕಳೆದ ವರ್ಷ ಅವನ್ನು ಯೂನಿಕೋಡಿಗೆ ತಂದು, ಸ್ಥಳ ತಪ್ಪಿದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ಉಪಕರಣವೊಂದನ್ನೇ ನಂಬಿದ ಬರಹ ಆ ಉಪಕರಣದೊಡನೆಯೇ ಮರೆಯಾಗುತ್ತದೆಂಬ ಪಾಠವನ್ನು ನಾನು ಕಲಿತದ್ದು ಹೀಗೆ.

ಈ ವಿದ್ಯೆಗೆ ಮರಳಿದವನ ಎದುರು ಈಗ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟುಗಳ ಸಂತೆಯೇ ನೆರೆದಿದೆ: 2013ರ ರಿಯಾಕ್ಟ್, 2014ರ ವ್ಯೂ, 2016ರ ಸ್ವೆಲ್ಟ್, ಇನ್ನೂ ಹಲವು. ಯಾವುದನ್ನು ಆರಿಸುವುದು? ಬಹುಕಾಲದ ಮೇಲೆ ಈ ಕಸುಬಿಗೆ ಮರಳುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಜನಪ್ರಿಯವಾದುದನ್ನು ಹಿಡಿಯಿರೆಂಬುದು ವಾಡಿಕೆಯ ಉತ್ತರ. ಉದ್ಯೋಗ ಅರಸುವವರಿಗೆ ಅದು ತಕ್ಕ ಮಾತೇ; ಆದರೂ ಪೂರ್ಣ ಸತ್ಯವಲ್ಲ. 2010ರಲ್ಲಿ ಗೂಗಲ್ ಹೊರತಂದ ಆಂಗ್ಯುಲರ್‌ಜೆಎಸ್ ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿತ್ತು. 2016ರಲ್ಲಿ ಅದರ ಮುಂದಿನ ಆವೃತ್ತಿ ಬೇರೆಯದೇ ರೂಪ ತಳೆದು ಬಂದಿತು. 2021ರ ಕೊನೆಗೆ ಹಳೆಯದರ ಪೋಷಣೆಯೇ ನಿಂತಿತು. ಆದರೆ 1990ರ ದಶಕದ ಸರಳ ಎಚ್.ಟಿ.ಎಂ.ಎಲ್. ಪುಟ ಇಂದಿಗೂ ತೆರೆದುಕೊಳ್ಳುತ್ತದೆ.

ನಮ್ಮ ಕವಿಗಳು ಇದರ ಮರ್ಮವನ್ನು ಬಲ್ಲವರಾಗಿದ್ದರು. ಶರಣರ ಚರಿತೆಗೆ ಹರಿಹರನು ರಗಳೆಯನ್ನೂ, ಹರಿಶ್ಚಂದ್ರನ ಕಥೆಗೆ ರಾಘವಾಂಕನು ವಾರ್ಧಕ ಷಟ್ಪದಿಯನ್ನೂ ಆರಿಸಿಕೊಂಡರು. ಛಂದಸ್ಸು ಬೇರೆಯಾದರೂ ಭಾಷೆಯ ಮೇಲಣ ಪ್ರಭುತ್ವ ಇಬ್ಬರಿಗೂ ಸಮಾನ. ಚೌಕಟ್ಟೆಂಬುದು ಛಂದಸ್ಸು, ಎಚ್.ಟಿ.ಎಂ.ಎಲ್., ಸಿ.ಎಸ್.ಎಸ್., ಜಾವಾಸ್ಕ್ರಿಪ್ಟ್‌ಗಳು ವ್ಯಾಕರಣ. ವ್ಯಾಕರಣ ಬಾರದವನಿಗೆ ಛಂದಸ್ಸು ಒಲಿಯದು.

ಆದುದರಿಂದ ಮರಳುವವರು ಮೊದಲು ಈ ಮೂರನ್ನು ಗಟ್ಟಿಮಾಡಿಕೊಂಡು, ಬಳಿಕ ವಸ್ತುವನ್ನು ನೋಡಲಿ. ಬಳಕೆದಾರರು ಕ್ಷಣಕ್ಷಣಕ್ಕೂ ವ್ಯವಹರಿಸುವ ತಾಣಕ್ಕೆ ರಿಯಾಕ್ಟ್ ಅಥವಾ ವ್ಯೂ ಒಪ್ಪುತ್ತದೆ. ಓದುವುದಕ್ಕಾಗಿಯೇ ಇರುವ ಪುಟಗಳಿಗೆ ಅಷ್ಟು ಭಾರ ಬೇಡ. ನಾನು ಆಸ್ಟ್ರೋ ಎಂಬುದನ್ನು ಆರಿಸಿದೆ. ನಾವಾಗಿ ಬೇಡದ ಹೊರತು ಅದು ಓದುಗನ ಯಂತ್ರಕ್ಕೆ ಜಾವಾಸ್ಕ್ರಿಪ್ಟನ್ನು ಕಳುಹಿಸದು. ಹಳ್ಳಿಯ ಸಾಧಾರಣ ಮೊಬೈಲಿನಲ್ಲೂ ಪುಟ ಬೇಗ ತೆರೆಯುತ್ತದೆ. ನಾಳೆ ಆಸ್ಟ್ರೋ ಅಳಿದರೂ ಅದು ಹೆಣೆದುಕೊಟ್ಟ ಸರಳ ಪುಟಗಳು ಉಳಿಯುತ್ತವೆ.

ಗಣಕಯಂತ್ರಗಳನ್ನು ನೀಡುತ್ತಿರುವ ದಾನಿಗಳಲ್ಲಿಯೂ ಅವುಗಳ ಮುಂದೆ ಮಕ್ಕಳನ್ನು ಕೂರಿಸುವ ಅಧ್ಯಾಪಕ ಮಿತ್ರರಲ್ಲಿಯೂ ನನ್ನದೊಂದು ಬಿನ್ನಹ: ಮೊದಲ ವರ್ಷ ಮೂಲಪಾಠಕ್ಕೇ ಮೀಸಲಾಗಲಿ. ನಮ್ಮ ಮಕ್ಕಳು ಕಲಿತದ್ದು ಚೌಕಟ್ಟಿನೊಡನೆ ಹಳತಾಗದಿರಲಿ.