ಗೂಡಿಗೂ ಒಂದು ಕಾಲ

ಹಳೆ ಮೈಸೂರು ಕಡೆಯ ಹಳ್ಳಿಯೊಂದರ ತೋಟದ ಬಾವಿಯನ್ನು ನೆನೆಸಿಕೊಳ್ಳಿ. ಪಕ್ಕದಲ್ಲಿ ಹಳೆಯ ಪಂಪುಮನೆ, ನೀರಿನ ಮೇಲೆ ಬಾಗಿದ ಜಾಲಿಮರ, ಆಚೆ ಹುಲ್ಲು ಬೆಳೆದ ಹೊಲದ ಬದು. ಏಪ್ರಿಲ್‌ನಲ್ಲಿ ಪಂಪುಮನೆಯ ಗೋಡೆಯ ತೂತಿನೊಳಗೆ ಹೆಣ್ಣು ಮಡಿವಾಳ ಹಕ್ಕಿ ಕಾವಿಗೆ ಕೂತಿರುತ್ತದೆ. ಗಂಡು ತಂತಿಯ ಮೇಲೆ ಕುಳಿತು ಸಿಳ್ಳೆ ಹಾಕುತ್ತಿರುತ್ತದೆ. ಆಗ ಜಾಲಿಮರದಲ್ಲಿ ತೂಗುವುದು ಗೀಜಗನ ಹೋದ ವರ್ಷದ ಒಣಗೂಡುಗಳು ಮಾತ್ರ. ಆಗಸ್ಟ್ ಹೊತ್ತಿಗೆ ಎಲ್ಲವೂ ತಿರುಗುಮುರುಗು. ಮಡಿವಾಳನ ಹಾಡು ಅಡಗಿರುತ್ತದೆ, ಜಾಲಿಮರದಲ್ಲಿ ಗೀಜಗಗಳ ಗದ್ದಲ. ಸೆಪ್ಟೆಂಬರ್‌ನಲ್ಲಿ ಬೇಲಿಯ ಮುಳ್ಳುಪೊದೆಯೊಳಗೆ ಚುಕ್ಕೆ ರಾಟವಾಳಗಳ ಹುಲ್ಲಿನ ಚೆಂಡಿನಂಥ ಗೂಡುಗಳು!

ನೀರು ಒಂದೇ, ಬಿಸಿಲು ಒಂದೇ, ಬೀಳುವ ಮಳೆಯೂ ಒಂದೇ. ಹಾಗಿದ್ದರೆ ಪಂಚಾಂಗ ಮಾತ್ರ ಬೇರೆ ಬೇರೆ ಏಕೆ?

ಜಗಳ ಬೇಡವೆಂದು ಹಕ್ಕಿಗಳು ಸರದಿ ಹಾಕಿಕೊಂಡಿವೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಗೋಡೆಯ ತೂತಿಗೂ ತೂಗುವ ಗೂಡಿಗೂ ಎಲ್ಲಿಯ ಪೈಪೋಟಿ? ಉತ್ತರ ಇರುವುದು ಮರಿಗಳ ಬಾಯಲ್ಲಿ. ಬ್ರಿಟನ್ನಿನ ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ 20ನೆಯ ಶತಮಾನದ ನಡುಭಾಗದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಮರಿಗಳಿಗೆ ಬೇಕಾದ ಆಹಾರ ಹೇರಳವಾಗಿ ಸಿಗುವ ದಿನಗಳಿಗೆ ಹೊಂದುವಂತೆ ಮೊಟ್ಟೆಯಿಟ್ಟ ಹಕ್ಕಿಗಳ ಮರಿಗಳೇ ಹೆಚ್ಚಾಗಿ ಬದುಕುತ್ತವೆ. ತಲೆಮಾರುಗಳು ಕಳೆದಂತೆ ಆ ಕಾಲವೇ ಆ ಜಾತಿಯ ಹೆರಿಗೆಯ ಕಾಲವಾಗಿ ನಿಲ್ಲುತ್ತದೆ.

ಮಡಿವಾಳನ ಮರಿಗೆ ಬೇಕಾದುದು ಹುಳುಹುಪ್ಪಟೆ. ಹೊಂಗೆ, ಬೇವು ಚಿಗುರಿ, ಬೇಸಿಗೆಯ ಒಂದೆರಡು ಮಳೆ ಬಿದ್ದರೆ ಕೀಟಗಳಿಗೆ ಬರವಿಲ್ಲ. ಗೀಜಗನಿಗೆ ಅಷ್ಟು ಸಾಲದು. ಹೆಣೆಯಲು ಉದ್ದನೆಯ ಹಸಿ ಎಸಳು ಬೇಕು. ಒಣಹುಲ್ಲು ಬಾಗಿಸಿದರೆ ಮುರಿಯುತ್ತದೆ. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಒಪ್ಪಿದರೆ ಪೂರ್ತಿ ಮಾಡಿ ಇನ್ನೊಂದಕ್ಕೆ ಕೈ ಹಾಕುತ್ತದೆ. ಒಂದೇ ಗಂಡಿಗೆ ಹಲವು ಸಂಸಾರ! ಸಲೀಂ ಅಲಿಯವರು ಮುಂಬಯಿಯ ಬಳಿ ಇದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ವಾರಗಟ್ಟಲೆ ನಡೆಯುವ ಈ ನೇಯ್ಗೆಗೆ ಮುಂಗಾರಿನ ಹಸಿರೇ ಆಗಬೇಕು. ಮರಿಗಳಿಗೆ ಕೀಟಗಳ ಜೊತೆಗೆ ಹಾಲುದುಂಬಿದ ಎಳೆಗಾಳೂ ಆಗ ಸಿಗುತ್ತದೆ. ರಾಟವಾಳದ್ದು ಮುಖ್ಯವಾಗಿ ಹುಲ್ಲುಬೀಜದ ಊಟ. ಹುಲ್ಲು ತೆನೆಗಟ್ಟುವವರೆಗೆ ಅದು ಕಾಯಲೇಬೇಕು.

ಯುರೋಪಿನ ಕ್ರಾಸ್‌ಬಿಲ್ ಹಕ್ಕಿಯಂತೂ ಹಿಮ ಬಿದ್ದಿರುವಾಗಲೇ ಗೂಡು ಕಟ್ಟುವುದುಂಟು! ಕತ್ತರಿಯಂತಿರುವ ಅದರ ಕೊಕ್ಕು ಸೂಚಿಪರ್ಣಿ ಮರಗಳ ಕಾಯಿ ಬಿಡಿಸಿ ಬೀಜ ತೆಗೆಯಬಲ್ಲದು. ಬೀಜ ಸಮೃದ್ಧವಾಗಿದ್ದರೆ ಅದಕ್ಕೆ ಚಳಿಯ ಚಿಂತೆಯಿಲ್ಲ. ಅದೇ ಕಾಡಿನಲ್ಲಿ ಕಂಬಳಿಹುಳು ನಂಬಿದ ಪುಟ್ಟ ಹಕ್ಕಿಗಳು ವಸಂತಕ್ಕಾಗಿ ಕಾದಿರುತ್ತವೆ.

ಇಲ್ಲೊಂದು ತೊಡಕಿದೆ. ಗೂಡು ಕಟ್ಟಿ, ಸುಮಾರು ಎರಡು ವಾರ ಕಾವು ಕೊಟ್ಟ ಮೇಲಷ್ಟೇ ಮರಿಗಳ ಹಸಿವು ಆರಂಭ. ಊಟದ ಹೊತ್ತಿಗೆ ಒಲೆ ಹಚ್ಚಿದರಾಗದು. ಮೊದಲೇ ಸಿದ್ಧತೆ ಬೇಕು. ಮುಂದೆ ಬರುವ ಸುಗ್ಗಿ ಹಕ್ಕಿಗೆ ಗೊತ್ತಾಗುವುದು ಹೇಗೆ? 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಕೊರೆಯುವ ಚಳಿಯಲ್ಲಿ ಜುಂಕೋ ಹಕ್ಕಿಗಳ ಪಂಜರಕ್ಕೆ ವಿದ್ಯುದ್ದೀಪ ಹಾಕಿ, ಅವುಗಳ ಹಗಲನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಉದ್ದ ಮಾಡಿದರು. ನಡುಚಳಿಗಾಲದಲ್ಲೇ ಗಂಡುಗಳ ವೃಷಣಗಳು ಹಿಗ್ಗಿದವು! ಹಗಲಿನ ಉದ್ದವೇ ಹಕ್ಕಿಯ ಕ್ಯಾಲೆಂಡರ್. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರವಷ್ಟೆ. ಆದರೂ ಮಳೆಗೆ ಮೊದಲೇ ಗಂಡು ಗೀಜಗನ ನೆತ್ತಿ ಹಳದಿಯಾಗಿರುತ್ತದೆ. ನೇಯ್ಗೆ ಭರದಿಂದ ಸಾಗುವುದು ಮಾತ್ರ ಮಳೆ ಬಿದ್ದು ಹಸಿರು ಎದ್ದಾಗ.

ಈಗ ಅಪಾಯವಿರುವುದು ಈ ಎರಡು ಗಡಿಯಾರಗಳ ನಡುವೆ. ಭೂಮಿ ಬಿಸಿಯಾದರೆ ಚಿಗುರು, ಹುಳು, ಮಳೆಗಳ ದಿನ ಬದಲಾಗುತ್ತದೆ. ಹಗಲಿನ ಉದ್ದ ಬದಲಾಗದು. ನೆದರ್‌ಲ್ಯಾಂಡ್ಸ್‌ನಲ್ಲಿ ಓಕ್ ಮರದ ಕಂಬಳಿಹುಳುಗಳು ಬೇಗ ಬರತೊಡಗಿವೆ. ಚಳಿಗಾಲವನ್ನು ಆಫ್ರಿಕದಲ್ಲಿ ಕಳೆಯುವ ಕಪ್ಪುಬಿಳುಪಿನ ನೊಣಹಿಡುಕಕ್ಕೆ ಆ ಸುದ್ದಿ ತಲುಪುವುದೆಂತು? ಅದು ಬಂದು ಮರಿ ಮಾಡುವಷ್ಟರಲ್ಲಿ ಊಟದ ಎಲೆ ಎತ್ತಿರುತ್ತದೆ. ಹುಳುಗಳು ಬಹಳ ಬೇಗ ಬಂದು ಹೋಗುವ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಈ ಹಕ್ಕಿಗಳು ಸುಮಾರು ಶೇಕಡಾ 90ರಷ್ಟು ಕಡಿಮೆಯಾದವೆಂದು 2006ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಋತುಗಳನ್ನು ಸರಿಪಡಿಸುವುದು ಒಬ್ಬರ ಕೈಯಲ್ಲಿಲ್ಲ. ಆದರೆ ಕುಡುಗೋಲು ಕೈಯಲ್ಲಿದೆ. ಹಕ್ಕಿಗಳಿಗೆ ಗೂಡಿನ ತಿಂಗಳೆಂದು ಒಂದೇ ತಿಂಗಳಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಏಪ್ರಿಲ್‌ನಲ್ಲಿ ಗೋಡೆಯ ತೂತಿಗೆ ಸಿಮೆಂಟು ಮೆತ್ತುವ ಮೊದಲು, ಆಗಸ್ಟ್‌ನಲ್ಲಿ ಬಾವಿಯ ಮೇಲಿನ ಕೊಂಬೆ ಕಡಿಯುವ ಮೊದಲು, ಸೆಪ್ಟೆಂಬರ್‌ನಲ್ಲಿ ಬೇಲಿ ಸವರುವ ಮೊದಲು ಒಮ್ಮೆ ಒಳಗೆ ಇಣುಕಿ ನೋಡಿ. ಮರಿಗಳಿದ್ದರೆ ಕೆಲವು ವಾರ ತಡೆಯಿರಿ. ಅಷ್ಟರಲ್ಲಿ ಅವು ಹಾರಿಹೋಗಿರುತ್ತವೆ.