ಹಾಡಿಯ ದನಿಯೂ ಸದನದಲ್ಲಿ ಕೇಳಿಸಲಿ



ನಾಗರಹೊಳೆ ಕಾಡಿನ ಅಂಚಿನ ಬುಡಕಟ್ಟು ಹಾಡಿಯೊಂದರಲ್ಲಿ ಜೇನು ಕುರುಬರ ಅಜ್ಜಿಯೊಬ್ಬರು ಅರಣ್ಯ ಹಕ್ಕಿನ ಅರ್ಜಿಯ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂರಿನ ಬಿದಿರಿಗೆ ಸಿಕ್ಕಿಸಿಟ್ಟಿದ್ದರು. ‘ಯಾರಾದ್ರೂ ಕೇಳಿದ್ರೆ ತೋರಿಸ್ಬೇಕಲ್ಲ ಟೀಚರ್’ ಎಂದರು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಆದರೂ ಆ ಅಜ್ಜಿಯನ್ನು ಕೇಳಲು ಯಾರೂ ಬಂದಿಲ್ಲ.

ಬುಡಕಟ್ಟು ಜನರಿಗೆ ವಿಶೇಷ ರಕ್ಷಣೆ ನೀಡುವ ಸಂವಿಧಾನದ 5ನೇ ಅನುಸೂಚಿಯ ಪ್ರದೇಶಗಳು 10 ರಾಜ್ಯಗಳಲ್ಲಿವೆ, ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ಬುಡಕಟ್ಟು ಗ್ರಾಮಸಭೆಗಳಿಗೆ ಬಲ ತುಂಬುವ 1996ರ ಪೆಸಾ ಕಾಯ್ದೆಯೂ ಇಲ್ಲಿಗೆ ಅನ್ವಯಿಸದು.

ವಿಧಾನಸಭೆಯ 224 ಸ್ಥಾನಗಳಲ್ಲಿ 15 ಪರಿಶಿಷ್ಟ ಪಂಗಡಗಳಿಗೆ ಮೀಸಲು, ನಿಜ. ಆದರೆ ಜೇನು ಕುರುಬ, ಕೊರಗರಂಥ ಪುಟ್ಟ ಸಮುದಾಯಗಳಿಗೆ ಮತಬಲವೂ ಇಲ್ಲ, ಹಣಬಲವೂ ಇಲ್ಲ. ಚುನಾವಣೆಯ ಪೈಪೋಟಿಯಲ್ಲಿ ಅವರು ಗೆದ್ದು ಬರುವುದು ಹೇಗೆ? ಆದರೆ 2020ರಲ್ಲಿ ಸಿದ್ದಿ ಬುಡಕಟ್ಟಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮನಸ್ಸಿದ್ದರೆ ದಾರಿಯಿದೆ ಎಂಬುದಕ್ಕೆ ಇದೇ ಸಾಕ್ಷಿ.

ಹಾಡಿ, ಪೋಡುಗಳಂಥ ಬುಡಕಟ್ಟು ವಸತಿಗಳಿರುವ ಪ್ರದೇಶಗಳನ್ನು 5ನೇ ಅನುಸೂಚಿಗೆ ಸೇರಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಪ್ರಸ್ತಾವ ಕಳಿಸಲಿ. ನಾಮಕರಣದ ಒಂದು ಸ್ಥಾನವನ್ನಾದರೂ ಅರಣ್ಯವಾಸಿ ಬುಡಕಟ್ಟುಗಳಿಗೆ ಪ್ರತಿ ಬಾರಿಯೂ ಕೊಡಲಿ. ಕಾಡು ಕಾದವರಿಗೆ ಕಾನೂನು ಮಾಡುವಲ್ಲೂ ಪಾಲಿರಬೇಕು.

– ನಿವೃತ್ತ ಶಿಕ್ಷಕಿ, ಹುಣಸೂರು