ಮಾತು ಬರಲಿ ಅಂತ ಎಷ್ಟು ದಿನ ಕಾಯೋದು?

ಮಗನಿಗೆ ಒಂದೂವರೆ ವರ್ಷ ತುಂಬಿದಾಗ ‘ಅಮ್ಮ’ ಬಿಟ್ಟರೆ ಬೇರೆ ಮಾತಿರಲಿಲ್ಲ. “ನಿನ್ನ ಗಂಡನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಸುಮ್ನಿರಮ್ಮ” ಅಂದ್ರು ಅತ್ತೆ. ಬಜೆ ತೇದು ನಾಲಿಗೆಗೆ ಸವರಿದ್ದೂ ಆಯ್ತು. ಆಫೀಸಲ್ಲಿ ಚಿಕ್ಕ ಬಗ್ ಕಂಡರೂ ಅವತ್ತೇ ಬರೆದಿಡುವ ನಾನು, ಮಗನ ವಿಷಯದಲ್ಲಿ ನಾಲ್ಕು ತಿಂಗಳು ಸುಮ್ಮನಿದ್ದೆ.

ಒಂದು ಸಂಜೆ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದೆ. ತಿರುಗಲಿಲ್ಲ. ಜೋರಾಗಿ ಕರೆದಾಗಷ್ಟೇ ತಿರುಗಿದ. ಪರೀಕ್ಷೆ ಮಾಡಿಸಿದರೆ, ಪದೇ ಪದೇ ಬಂದ ನೆಗಡಿಯಿಂದ ಕಿವಿಯ ತಮಟೆ ಹಿಂದೆ ನೀರು ತುಂಬಿತ್ತು. ಚಿಕಿತ್ಸೆ ಆಯ್ತು. ಈಗ ಒಂದೊಂದೇ ಪದ ಬರ್ತಿದೆ.

ಎಲ್ಲ ಮಕ್ಕಳೂ ಒಂದೇ ಥರ ಕಲಿಯಲ್ಲ, ನಿಜ. ಆದರೆ 12 ತಿಂಗಳಾದರೂ ಮಗು ತೊದಲಲ್ಲ, ಟಾಟಾ ಮಾಡಲ್ಲ, ಬೆರಳು ತೋರಿಸಲ್ಲ. 18 ತಿಂಗಳಿಗೂ ಬಿಡಿ ಪದಗಳಿಲ್ಲ. 24 ತಿಂಗಳಿಗೂ ‘ಹಾಲು ಬೇಕು’ ಅಂತ ಎರಡು ಪದ ಜೋಡಿಸಲ್ಲ ಅಂದ್ರೆ ಕಾಯಬೇಡಿ. ಕಲಿತ ಮಾತು ನಿಂತುಹೋದರಂತೂ ಯಾವ ವಯಸ್ಸಾದರೂ ತಡ ಬೇಡ. ಮಕ್ಕಳ ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡ್ತಾರೆ. ಮನೇಲಿ ಎರಡು ಭಾಷೆ ಆಡೋದೇ ಕಾರಣ ಅಂತ ಸಮಾಧಾನ ಮಾಡ್ಕೋಬೇಡಿ. ಅದರಿಂದ ಮಾತು ತಡವಾಗಲ್ಲ.

ಏನೂ ತೊಂದರೆ ಇಲ್ಲ ಅಂತ ಬಂದರೆ ಹೋಗೋದು ಒಂದು ದಿನ. ನನಗೆ ಹೋಗಿದ್ದು ನಾಲ್ಕು ತಿಂಗಳು.